ಸೆಂದಾ ಕೆಮ್ಮಿದ ಸಾಲು

ಪರಲೋಕ ಪ್ರಾರ್ಥನೆಯ ನಡುವೆ ಒಂದು ಕಡೆ ಕೆಮ್ಮಬೇಕು ಎಂದು ಮಂಬಾಕ್ ಎನ್ನುವ ಬೆಸ್ತರೂರಿನ ಮಕ್ಕಳಿಗೆ ಯಾರೂ ಕೂರಿಸಿಕೊಂಡು ಹೇಳಿಕೊಟ್ಟಿದ್ದಲ್ಲ. ತೊಟ್ಟಿಲಲ್ಲಿ ಮಲಗಿದ್ದಾಗಿನಿಂದ ಅವು ಕೇಳಿಕೊಂಡು ಬಂದದ್ದೇ ಹಾಗೆ. ಅಕ್ಕಿ ತೊಳೆದ ಮೇಲೆ ನೀರು ಬಗ್ಗಿಸುತ್ತಾರೆ, ಬಲೆ ಎಳೆದ ಮೇಲೆ ಕೊಡವುತ್ತಾರೆ, 'ನಮ್ಮ ತಪ್ಪುಗಳನ್ನು ಮನ್ನಿಸು' ಅಂದ ಮೇಲೆ ಕೆಮ್ಮುತ್ತಾರೆ. ಇದರಲ್ಲಿ ಕೇಳುವುದೇನಿದೆ?

ಕೇಳಿದವರು ಹೊಸ ಪಾದ್ರಿ ಆರ್ನೆಲ್. ಹಳೆಯ ಪಾದ್ರಿಗೆ ಕಿವಿ ಮಂದ; ಮಕ್ಕಳ ತುಟಿ ಅಲುಗಿದ್ದನ್ನು ನೋಡಿಯೇ ತಲೆಯಾಡಿಸಿ ಪಾಸು ಮಾಡುತ್ತಿದ್ದರು. ಆರ್ನೆಲ್‌ಗೆ ಇನ್ನೂ ಹರೆಯ, ಕಿವಿ ಮೊಲದ ಕಿವಿ. ಮೇ ತಿಂಗಳ ಊರಹಬ್ಬದ ಭಾನುವಾರ ಮಕ್ಕಳಿಗೆ ಮೊದಲ ಪರಮಪ್ರಸಾದ ಕೊಡುವುದಿತ್ತು. ಅದಕ್ಕೆ ಮುಂಚೆ ಪ್ರಾರ್ಥನೆ ಬಾಯಿಗೆ ಬರುತ್ತದೋ ಇಲ್ಲವೋ ಒಪ್ಪಿಸಿಕೊಳ್ಳೋಣ ಎಂದು ಪಟ್ಟಣದಿಂದ ಮೋಟಾರ್ ಬೈಕಿನಲ್ಲಿ ಬಂದಿದ್ದರು. ಕಡಲಿಗೆ ಬೆನ್ನು ಹಾಕಿ ನಿಂತ ಪುಟ್ಟ ಇಗರ್ಜಿಯಲ್ಲಿ ಮಕ್ಕಳು ಸಾಲಾಗಿ ಕೂತಿದ್ದವು. ಅಮ್ಮಂದಿರು ಬಾಗಿಲಲ್ಲಿ ಗುಂಪುಗೂಡಿದ್ದರು.

ಮೊದಲು ಎದ್ದವಳು ಕ್ರಿಸ್ಲಿನ್. ರಸ್ತೆಬದಿಯಲ್ಲಿ ಊಟದಂಗಡಿ ಇಟ್ಟಿರುವ ಫೆಲಿಸಾಳ ಮೊಮ್ಮಗಳು, ಮುಂದಿನ ಹಲ್ಲೆರಡು ಬಿದ್ದ ಪೋರಿ. ಕೈ ಜೋಡಿಸಿ ಗಟ್ಟಿಯಾಗಿ ಶುರುಮಾಡಿದಳು. 'ನಮ್ಮ ತಪ್ಪುಗಳನ್ನು ಮನ್ನಿಸು' ಎಂದಳು. ಮುಷ್ಟಿಯನ್ನು ಬಾಯಿಗೆ ಹಿಡಿದು 'ಖ್ಹುಂ, ಖ್ಹುಂ' ಅಂದಳು. 'ನಮ್ಮನ್ನು ಆಸೆಯ ಬಲೆಗೆ ಕೆಡವಬೇಡ' ಎಂದು ಮುಂದಕ್ಕೆ ಓಡಿದಳು.

"ನೀರು ಕುಡಿ ಮಗಾ. ಕುಡ್ಕೊಂಡು ಇನ್ನೊಂದ್ಸಲ ಹೇಳು," ಎಂದರು ಪಾದ್ರಿ.

ಕುಡಿದಳು, ಹೇಳಿದಳು. ಅದೇ ಜಾಗ, ಅದೇ ಎರಡು ಕೆಮ್ಮು. ಪಕ್ಕದ ಹುಡುಗನನ್ನು ಎಬ್ಬಿಸಿದರು. ಅವನದೂ ಅಷ್ಟೇ, ಸ್ವಲ್ಪ ದಪ್ಪ ದನಿಯಲ್ಲಿ. ಅವನಾಚೆಯವನದೂ ಅಷ್ಟೇ. ಪಾದ್ರಿ ಗಾಬರಿಯಾಗಿ ಬಾಗಿಲ ಕಡೆ ತಿರುಗಿದರು.

"ಊರಲ್ಲಿ ನಾಯಿಕೆಮ್ಮು ಇದೆಯೇನಮ್ಮಾ? ಆಸ್ಪತ್ರೆಯವರಿಗೆ ಹೇಳಿದೀರಾ?"

ಅಮ್ಮಂದಿರು ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ನೆಲ ನೋಡಿದರು. ಅಷ್ಟರಲ್ಲಿ ಕ್ರಿಸ್ಲಿನ್ ತನಗೆ ಬಹಳ ದಿನದಿಂದ ಇದ್ದ ಸಂಶಯವನ್ನು ಕೇಳಿಯೇಬಿಟ್ಟಳು: "ಪಾದ್ರೆ, ಕೆಮ್ಮಲೇ ಇಲ್ಲ ಅಂದ್ರೆ ದೇವರಿಗೆ ಪ್ರಾರ್ಥನೆ ಮುಟ್ಟುತ್ತಾ?"

ಹಿಂದಿನ ಗೋಡೆಗೆ ಪೊರಕೆ ಒರಗಿಸಿಕೊಂಡು ನಿಂತಿದ್ದ ಹೆಂಗಸು ಮುಂದೆ ಬಂದಳು. "ಮಕ್ಕಳನ್ನ ಕೇಳಬೇಡಿ ಪಾದ್ರೆ. ಆ ಕೆಮ್ಮು ನಂದು."

ಅವಳು ರೊಸೆಂದಾ. ಊರಿಗೆಲ್ಲ ಮನಾಂಗ್ ಸೆಂದಾ, ಅಂದರೆ ಸೆಂದಕ್ಕ. ಅರವತ್ತು ದಾಟಿದ ವಿಧವೆ. ಮೀನು ಸೀಳಿ ಉಪ್ಪು ಸವರಿ ಬಿದಿರ ತಟ್ಟಿಯ ಮೇಲೆ ಒಣಗಿಸಿ ಮಾರುವುದು ಹೊಟ್ಟೆಪಾಡು. ಪ್ರಾರ್ಥನೆ ನಡೆಸುವುದು ಬದುಕು. ಮಂಬಾಕಿಗೆ ಪಾದ್ರಿ ಬರುವುದು ತಿಂಗಳಿಗೊಮ್ಮೆ. ಸಾವು, ಹೆರಿಗೆ, ಹೊಸ ದೋಣಿ ಅಷ್ಟೊಂದು ತಾಳ್ಮೆಯಿಂದ ಕಾಯುವುದಿಲ್ಲವಲ್ಲ. ಸತ್ತವರ ಮನೆಯಲ್ಲಿ ಒಂಬತ್ತು ದಿನದ ಜಪ, ಸಂಜೆ ಇಗರ್ಜಿಯ ಜಪಸರ, ನೀರಿಗಿಳಿಯುವ ದೋಣಿಯ ಮೂತಿಗೆ ಶಿಲುಬೆಯ ಗುರುತು, ಎಲ್ಲಕ್ಕೂ ಸೆಂದಾಳ ಗಂಟಲೇ ಬೇಕು. ಅದೋ ಅಲೆಯ ಸದ್ದನ್ನೂ ಮೀರಿಸುವ ಗಂಟಲು.

ಅವಳಲ್ಲಿ ಒಂದು ಹಠವಿತ್ತು. ಬಾಯಿ ಬೇಡಿದ್ದಕ್ಕೆ ಕೈ ಸಾಕ್ಷಿ ಹೇಳಬೇಕು ಎನ್ನುತ್ತಿದ್ದಳು. ದೇವರ ಮುಂದೆ ಏನು ಕೇಳುತ್ತಾಳೋ ಅದಕ್ಕೆ ಮಾರನೆಯ ಬೆಳಿಗ್ಗೆ ತಾನೇ ಸೊಂಟ ಕಟ್ಟುವಳು. ಒಬ್ಬ ಮುದುಕಿ, ಮಳೆಗಾಲಕ್ಕೆ ನನ್ನ ಮಾಡು ಉಳಿಯಲಿ ಅಂತ ಬೇಡ್ಕೊಳ್ಳಮ್ಮಾ ಎಂದಿದ್ದಕ್ಕೆ, ಬೇಡಿಕೊಂಡು, ಬೆಳಗಾಗುವಷ್ಟರಲ್ಲಿ ತಾಳೆಗರಿಯ ಹೊರೆ, ಏಣಿ, ದಾರದ ಉಂಡೆ ಹೊತ್ತು ಆ ಮುದುಕಿಯ ಮಾಡಿನ ಮೇಲೇ ಕೂತಿದ್ದಳು. ಹೊಟ್ಟೆನೋವಿಗೆ ಪ್ರಾರ್ಥನೆ ಕೇಳಿದವನ ಮನೆಗೆ ಹೋಗಿ ಪಾಚಿಗಟ್ಟಿದ ನೀರಿನ ಹಂಡೆಯನ್ನು ಬೀದಿಗೆಳೆದು, ಊರೆಲ್ಲ ನೋಡುವ ಹಾಗೆ ತಿಕ್ಕಿದ್ದಳು. ಒಬ್ಬ ತಾಯಿ ತನ್ನ ಮಗ ಕಳ್ಳು ಬಿಡಲಿ ಎಂದು ಜಪ ಹೇಳಿಸಿದಳು. ಮರುದಿನದಿಂದ ಸೆಂದಾ ಕಳ್ಳಿನ ತೆಂಗಿನ ಮರದ ಬುಡದಲ್ಲಿ ಚಾಪೆ ಹಾಸಿ ಗಟ್ಟಿಯಾಗಿ ಮರಿಯಮ್ಮನ ಜಪ ಹೇಳತೊಡಗಿದಳು. ಮರಿಯಮ್ಮನ ಹೆಸರು ಕಿವಿಗೆ ಬೀಳುತ್ತಿರುವಾಗ ಕಳ್ಳು ಕುಡಿಯುವ ಧೈರ್ಯ ಯಾರಿಗಿದೆ? ವ್ಯಾಪಾರ ಕೆಟ್ಟು ಕಡೆಗೆ ಕಳ್ಳು ಇಳಿಸುವವನೇ ಆ ಮಗನ ಕಾಲಿಗೆ ಬಿದ್ದನಂತೆ: "ಮಾರಾಯ, ನೀನೊಬ್ಬ ಬಿಟ್ಟುಬಿಡು, ಉಳಿದ ಗಿರಾಕಿಗಳಾದ್ರೂ ಉಳೀಲಿ."

ಆಮೇಲಾಮೇಲೆ ಊರಿನವರು ಹುಷಾರಾದರು. ಸಣ್ಣಪುಟ್ಟ ಬೇಡಿಕೆಗಳನ್ನು ನೇರವಾಗಿ ದೇವರ ಹತ್ತಿರವೇ ಹೇಳಿಕೊಳ್ಳತೊಡಗಿದರು.

ಇಂಥ ಹೆಂಗಸು ಮಾಡದಿದ್ದನ್ನು ಬಾಯಲ್ಲಿ ಹೇಳುವಳೇ? ಹೇಳುವುದಿಲ್ಲ. ಹಾಗಾಗಿಯೇ ಆ ಕೆಮ್ಮು. 'ನಮ್ಮ ತಪ್ಪುಗಳನ್ನು ಮನ್ನಿಸು' ಆದ ಮೇಲೆ ಬರುವ ಸಾಲು, 'ನಮಗೆ ಕೇಡು ಮಾಡಿದವರನ್ನು ನಾವು ಮನ್ನಿಸುವ ಹಾಗೆ.' ಸೆಂದಾ ಒಬ್ಬರನ್ನು ಮನ್ನಿಸಿರಲಿಲ್ಲ. ಮನ್ನಿಸುವ ಇರಾದೆಯೂ ಇರಲಿಲ್ಲ. ಅದಕ್ಕೇ ಅಲ್ಲಿಗೆ ಬಂದಾಗ ಎರಡು ಸಲ ಕೆಮ್ಮಿ, ಹಳ್ಳ ದಾಟಿದ ಹಾಗೆ ದಾಟಿಬಿಡುತ್ತಿದ್ದಳು.

ಆ ಒಬ್ಬರು ಫೆಲಿಸಾ. ಕ್ರಿಸ್ಲಿನ್‌ಳ ಅಜ್ಜಿ, ಊಟದಂಗಡಿಯವಳು.

ಇಬ್ಬರೂ ಒಂದೇ ದೋಣಿಯ ನೆರಳಲ್ಲಿ ಆಡಿ ಬೆಳೆದವರು. ಫೆಲಿಸಾಳ ಚೊಚ್ಚಲ ಮಗನಿಗೆ ಸೆಂದಾಳೇ ಜ್ಞಾನಸ್ನಾನದ ತಾಯಿ. ಹಾಗಾಗಿ ಒಬ್ಬರಿಗೊಬ್ಬರು 'ಮಾರೆ'. ಇಬ್ಬರು ತಾಯಂದಿರು ಒಂದು ಮಗುವನ್ನು ಹಂಚಿಕೊಂಡಾಗ ಒಬ್ಬರನ್ನೊಬ್ಬರು ಕರೆಯುವ ಮಾತದು, ಬೀಗಿತ್ತಿಗಿಂತ ಒಂದು ಕೈ ಹೆಚ್ಚು. ಮೀನಿನ ತಲೆ ಯಾರ ತಟ್ಟೆಗೆ ಎನ್ನುವುದಕ್ಕೆ ಬಿಟ್ಟು ಬೇರೆ ಯಾತಕ್ಕೂ ಅವರು ಜಗಳವಾಡಿದ್ದಿಲ್ಲ.

ಆಮೇಲೆ ಬೇಲಿ ಬಂತು. ಪಟ್ಟಣದ ಯಾರೋ ಹಣವಂತರು ಕಡಲತೀರದಲ್ಲಿ ಹೋಟೆಲು ಕಟ್ಟುತ್ತೇವೆಂದು ದೋಣಿ ನಿಲ್ಲಿಸುವ ಜಾಗಕ್ಕೆಲ್ಲ ಸಿಮೆಂಟು ಕಂಬ ನೆಟ್ಟು ತಂತಿ ಎಳೆಸಿದರು. ಕಾವಲಿಗೆ ಕೋವಿ ಹಿಡಿದ ಆಳುಗಳನ್ನು ಇಟ್ಟರು. ದೋಣಿಯವನಿಗೆ ಕಡಲಿಗೆ ಹೋಗಲು ದಾರಿ ಇಲ್ಲ ಎಂದರೆ ಏನರ್ಥ? ಮೂಗಿಗೆ ಬಟ್ಟೆ ತುರುಕಿದ ಹಾಗೆ. ಮಣ್ಣು ದೂಡುವ ಯಂತ್ರ ಬಂದ ದಿನ ಸೆಂದಾ ಜಪಸರ ಹಿಡಿದು ಅದರ ಮುಂದೆ ಮರಳಿನಲ್ಲಿ ಕೂತಳು. ಅವಳ ಹಿಂದೆ ಊರಿನ ಹೆಂಗಸರೆಲ್ಲ ಕೂತರು. 'ನಿನ್ನ ರಾಜ್ಯ ಬರಲಿ' ಎಂದು ದಿನಾ ಬೇಡುತ್ತೇವೆ, ಬರುವ ದಾರಿಗೇ ಬೇಲಿ ಹಾಕಿದರೆ ಸುಮ್ಮನಿರುವುದಕ್ಕಾಗುತ್ತದಾ ಎನ್ನುವುದು ಅವಳ ವಾದ. ಕೂತಿದ್ದು ಒಂದು ದಿನವಲ್ಲ, ಈಸ್ಟರ್ ಹಬ್ಬಕ್ಕೆ ಮುಂಚಿನ ನಲವತ್ತು ದಿನದ ತಪಸ್ಸುಕಾಲ ಪೂರ್ತಿ. ನಡುವೆ ಪೊಲೀಸರು ಅವಳನ್ನೂ ದೋಣಿ ಬಡಗಿ ಕ್ವಿರಿನೊನನ್ನೂ ಹೊತ್ತುಕೊಂಡು ಹೋಗಿ ಲಾಕಪ್ಪಿಗೆ ಹಾಕಿದರು. ಅಲ್ಲಿಯೂ ಜಪ ನಿಲ್ಲಲಿಲ್ಲ; ಅರ್ಧ ಸೆಂದಾ ಹೇಳಿದರೆ ಇನ್ನರ್ಧವನ್ನು ಕಾನ್ಸ್ಟೇಬಲ್ಲುಗಳು ಹೇಳಬೇಕಾಯಿತು, ಎಷ್ಟೆಂದರೂ ಅವರೂ ಜ್ಞಾನಸ್ನಾನವಾದವರೇ. ಕಡೆಗೆ ಹೋಟೆಲಿನವರಿಗೆ ಸಾಕಾಯಿತು. ಆ ಸಿಮೆಂಟು ಕಂಬಗಳು ಇವತ್ತು ಮಂಬಾಕಿನ ಹಂದಿಗೂಡುಗಳಲ್ಲಿ ನಿಂತಿವೆ.

ಗೆದ್ದದ್ದೇನೋ ನಿಜ. ಆದರೆ ಆ ದಿನಗಳಲ್ಲೆಲ್ಲ ಕೋವಿಯ ಆಳುಗಳು ಮಧ್ಯಾಹ್ನ ಉಂಡದ್ದು ಎಲ್ಲಿ? ಫೆಲಿಸಾಳ ಅಂಗಡಿಯಲ್ಲಿ. ತೊಗರಿಕಾಳು, ಹಂದಿಮಾಂಸ, ಎಳೆ ಹಲಸು ಹಾಕಿ ಹುಳಿಕಾಯಿ ಬಿಟ್ಟು ಕುದಿಸಿದ ಸಾರು. ಅದರ ಘಮ ಬಿಸಿಲಲ್ಲಿ ಹಸಿದು ಕೂತಿದ್ದ ಹೆಂಗಸರ ಮೂಗಿಗೇ ಬರುತ್ತಿತ್ತು. ಸೆಂದಾ ಆಗಲೇ ಅವಳ ಜೊತೆ ಮಾತು ಬಿಟ್ಟಳು. ಹನ್ನೊಂದು ವರ್ಷವಾಯಿತು.

ಮಾತು ಬಿಟ್ಟದ್ದು ಸೆಂದಾ ಮಾತ್ರ. ತಟ್ಟೆಯಲ್ಲಿ ಅನ್ನವಿದ್ದಾಗ ದಾರಿಯಲ್ಲಿ ಹೋಗುವವರನ್ನು 'ಬನ್ನಿ ಉಣ್ಣೋಣ' ಎಂದು ಕರೆಯದಿದ್ದರೆ ನಮ್ಮಲ್ಲಿ ನಾಯಿಗೂ ಕಡೆ. ಕರೆಸಿಕೊಂಡವರು ಹಸಿದಿದ್ದರೂ 'ಈಗ ತಾನೇ ಆಯ್ತು' ಎಂದು ಮುಂದೆ ಹೋಗುವುದು ಮರ್ಯಾದೆ. ಇಗರ್ಜಿಗೆ ಹೋಗುವ ದಾರಿ ಫೆಲಿಸಾಳ ಅಂಗಡಿ ಮುಂದೆಯೇ. ದಿನಾ ಸಂಜೆ ಸೆಂದಾ ಹೋಗುವಾಗ ಫೆಲಿಸಾ ಸೌಟು ಹಿಡಿದುಕೊಂಡೇ ಕೂಗುವಳು: "ಮಾರೇ, ಬಾ ಉಣ್ಣೋಣ!" ಸೆಂದಾ ಕಡಲ ಕಡೆ ಮುಖ ತಿರುಗಿಸಿ ನಡೆದುಬಿಡುವಳು. ಆಯ್ತು ಎಂದೂ ಇಲ್ಲ, ಬೇಡ ಎಂದೂ ಇಲ್ಲ.

ಇಷ್ಟನ್ನೂ ಪಾದ್ರಿ ಆರ್ನೆಲ್ ಇಗರ್ಜಿಯ ಮೆಟ್ಟಿಲ ಮೇಲೆ ಕೂತು, ಒಣಮೀನಿನ ವಾಸನೆಯ ಕಾಫಿ ಕುಡಿಯುತ್ತ ಕೇಳಿದರು.

"ಅಂದ್ರೆ ಮನಾಂಗ್, ಬೇಡೋ ಅರ್ಧ ಬಾಯ್ತುಂಬ ಬೇಡ್ತೀರಿ, ಕೊಡೋ ಅರ್ಧ ಬಂದಾಗ ಕೆಮ್ತೀರಿ."

"ದೇವರ ಮುಂದೆ ಸುಳ್ಳು ಹೇಳೋದಕ್ಕಿಂತ ಕೆಮ್ಮೋದು ವಾಸಿ ಅಲ್ವಾ ಪಾದ್ರೆ?"

"ವಾಸಿನೇ. ಆದ್ರೆ ಹನ್ನೊಂದು ವರ್ಷ ಕೆಮ್ಮು ನಿಲ್ಲದೇ ಇದ್ರೆ ಯಾರಾದ್ರೂ ಔಷಧಿ ತಗೋತಾರೆ."

ಸೆಂದಾಗೆ ನಗು ಬಂತು. ತಡೆದುಕೊಂಡಳು.

"ನಿಮ್ಮ ಕೆಮ್ಮಿಗೆ ಒಂದು ಕಾರಣ ಇದೆ, ಒಪ್ಕೋತೀನಿ," ಎಂದರು ಪಾದ್ರಿ. "ಆ ಮಕ್ಕಳಿಗೆ ಯಾರ ಮೇಲೆ ಸಿಟ್ಟಿದೆ ಹೇಳಿ? ಯಾರ ಮೇಲೂ ಇಲ್ಲ. ಆದ್ರೂ ಕೆಮ್ತಾವೆ. ಫೆಲಿಸಾ ಮೊಮ್ಮಗಳು ಫೆಲಿಸಾಗೇ ಕೆಮ್ತಾಳಲ್ಲ, ಅದಕ್ಕೇನು ಹೇಳ್ತೀರಿ?"

ಸೆಂದಾ ಹೀಗೆ ಯೋಚಿಸಿರಲಿಲ್ಲ.

"ಶನಿವಾರ ಮತ್ತೆ ಬರ್ತೀನಿ. ಪ್ರಾರ್ಥನೆ ಪೂರ್ತಿ ಹೇಳಿದ್ರೆ ಭಾನುವಾರ ಪರಮಪ್ರಸಾದ. ಇಲ್ಲಾಂದ್ರೆ ಬರೋ ವರ್ಷ. ನಿಮ್ಮ ಬಾಯಿಂದ ಕಲ್ತಿದ್ದು, ನಿಮ್ಮ ಬಾಯಿಂದಲೇ ಬಿಡಬೇಕು, ಬೇರೆ ದಾರಿ ನನಗೆ ತಿಳೀದು." ಬೈಕು ಒದ್ದರು, ಹೊರಟರು. ಒಳ್ಳೆಯ ಮನುಷ್ಯನೇ, ಆದರೆ ಒಳ್ಳೆಯ ಮನುಷ್ಯರು ಗಡುವು ಕೊಟ್ಟರೆ ಬೈಯುವುದಕ್ಕೂ ಆಗುವುದಿಲ್ಲ.

ಅಂದು ಮಧ್ಯಾಹ್ನವೇ ಅಮ್ಮಂದಿರು ಮೀನಿನ ತಟ್ಟಿಗಳ ಸುತ್ತ ಮುತ್ತಿಗೆ ಹಾಕಿದರು.

"ಮನಾಂಗ್, ಬಿಳಿ ಅಂಗಿ ಹೊಲಿಸಿ ಆಯ್ತು. ಬರೋ ವರ್ಷಕ್ಕೆ ನನ್ನ ಮಗಳು ಅದರೊಳಗೆ ಹಿಡೀತಾಳಾ?"

"ಅಂಗಿ ಹೋಗ್ಲಿ, ನನ್ನ ಹಂದಿ? ಹಬ್ಬಕ್ಕೇ ಅಂತ ಕೊಬ್ಬಿಸಿದೀನಿ. ಇನ್ನೊಂದು ವರ್ಷ ಅದಕ್ಕೆ ತಿನ್ನಿಸಿದ್ರೆ ಅದು ನಮ್ಮನ್ನೇ ತಿನ್ನುತ್ತೆ!"

"ಒಂದೇ ಒಂದು ಸಾಲು ಕಣಕ್ಕ. ಅಂದುಬಿಡು. ಮನಸ್ಸಲ್ಲಿ ಏನಿದೆ ಅಂತ ಯಾರು ನೋಡ್ತಾರೆ?"

"ನೋಡೋನು ನೋಡ್ತಾನಲ್ಲ," ಎಂದಳು ಸೆಂದಾ, ಮೀನು ಮಗುಚುತ್ತ. "ನಿಮ್ಮ ಹಂದಿಗೋಸ್ಕರ ನಾನು ದೇವರಿಗೆ ಟೋಪಿ ಹಾಕಲಾ? ಬೇರೆಯವರ ಹತ್ರ ಕಲಿಸಿ. ನಾನು ಬೇಕಾದ್ರೆ ಇವತ್ತಿಂದಲೇ ಜಪ ಬಿಟ್ಟು ಕೂರ್ತೀನಿ."

ಹೇಳುವುದೇನೋ ಹೇಳಿದಳು. ಆದರೆ ಸಂಜೆಯ ಜಪವಿಲ್ಲದೆ ತಾನು ಯಾರು? ಒಣಮೀನಿನ ಮುದುಕಿ, ಅಷ್ಟೇ.

ಶಾಲೆಯ ಮೇಷ್ಟ್ರಮ್ಮ ಮಕ್ಕಳನ್ನು ಕೂರಿಸಿಕೊಂಡು ಕಲಿಸಿ ನೋಡಿದಳು. ಜಾಣ ಮಕ್ಕಳು, ಸಾಲನ್ನು ಕೂಡಲೇ ಕಲಿತವು. 'ನಮಗೆ ಕೇಡು ಮಾಡಿದವರನ್ನು ನಾವು ಮನ್ನಿಸುವ ಹಾಗೆ' ಎಂದು ಸ್ಪಷ್ಟವಾಗಿ ಹೇಳಿದವು. ಹೇಳಿ, ಯಾವುದಕ್ಕೂ ಇರಲಿ ಎಂದು, ಮುಂಚಿಗಿಂತ ಜೋರಾಗಿ ಎರಡು ಸಲ ಕೆಮ್ಮಿದವು. ಸೆಂದಜ್ಜಿ ಕೆಮ್ಮುತ್ತಾಳೆ ಎಂದ ಮೇಲೆ ಮೇಷ್ಟ್ರಮ್ಮನ ಮಾತು ಯಾರಿಗೆ ಬೇಕು?

ಸೆಂದಾ ಯಾರೂ ಇಲ್ಲದಾಗ ತಟ್ಟಿಗಳ ನಡುವೆ ನಿಂತು ತಾನೇ ಪ್ರಯತ್ನಿಸಿದಳು. 'ನಮಗೆ ಕೇಡು ಮಾಡಿದವರನ್ನು ನಾವು...' ಅಷ್ಟಕ್ಕೆ ಸೌಟು ಹಿಡಿದ ಫೆಲಿಸಾಳ ದುಂಡುಮುಖ ಕಣ್ಣೆದುರು ಬಂತು. ಕೆಮ್ಮು ಬಂತು. ಬೇಕೆಂದು ಕೆಮ್ಮಿದ್ದಲ್ಲ, ನಿಜವಾಗಿಯೂ ಬಂದದ್ದು. ಇಷ್ಟು ವರ್ಷ ಆಡಿದ ಆಟವನ್ನು ಗಂಟಲು ಒಪ್ಪಿಕೊಂಡುಬಿಟ್ಟಿತ್ತು.

ಶುಕ್ರವಾರ ದೋಣಿ ಬಡಗಿ ಕ್ವಿರಿನೊ ಬಂದ. ಊರಿಗೆಲ್ಲ ಲೋಲೊ ಕ್ವಿರೊ, ಅಜ್ಜ. ಎಂಬತ್ತು ಮೀರಿದೆ. ಬಾಯಲ್ಲಿ ಹಲ್ಲು ಕಡಿಮೆ, ಸುಟ್ಟ ಹಂದಿಯ ಗರಿಗರಿ ಚರ್ಮದ ಆಸೆ ಮಾತ್ರ ಕಡಿಮೆಯಾಗಿಲ್ಲ. ಹಬ್ಬ ತಪ್ಪಿದರೆ ಹಂದಿ ತಪ್ಪುತ್ತದೆ ಎನ್ನುವ ಸಂಕಟ ಅವನನ್ನು ರಾತ್ರಿಯಿಡೀ ನಿದ್ದೆಗೆಡಿಸಿತ್ತು. ಬಂದವನು ತಟ್ಟಿಯ ಕೆಳಗೆ ನೆರಳಿಗೆ ಕೂತು, ಒಂದು ಮೀನು ಕಿತ್ತು ಬಾಯಲ್ಲಿಟ್ಟುಕೊಂಡು ಗುಟ್ಟು ಹೇಳುವವನಂತೆ ಶುರುಮಾಡಿದ.

"ಸೆಂದಾ, ಇದನ್ನ ಸಾಯೋವರೆಗೆ ಹೇಳಬಾರದು ಅಂತ ಇದ್ದೆ."

"ಹಂಗಾದ್ರೆ ಸಾಯೋವರೆಗೆ ಹೇಳಬೇಡ."

"ಕೇಳೇ. ಆ ಕೋವಿ ಆಳುಗಳು ತಪಸ್ಸುಕಾಲದ ಕಡೇ ವಾರ ಪೊದೆ ಪೊದೆಗೆ ಓಡ್ತಿದ್ರಲ್ಲ, ನೆನಪಿದೆಯಾ? ಯಾಕೆ ಅಂದ್ಕೊಂಡಿದ್ದೆ? ಫೆಲಿಸಾ ಸಾರಿಗೆ ಹೊಟ್ಟೆ ಕೆಡಿಸೋ ಕಾಡುಹರಳು ಬೀಜ ಅರೆದು ಹಾಕಿದ್ಲು. ಹಾಕಿದ್ದನ್ನ ಈ ಕಣ್ಣಾರೆ ನೋಡಿದೀನಿ. ನಮ್ಮ ಪರವಾಗೇ ಇದ್ಲು ಕಣೇ ಅವಳು, ಒಳಗಿಂದೊಳಗೆ!"

ಸೆಂದಾ ಕೈಯಲ್ಲಿದ್ದ ಮೀನು ಹಾಗೇ ಹಿಡಿದು ನಿಂತಳು. ಆಮೇಲೆ ನಗು ಶುರುವಾಯಿತು. ಹೊಟ್ಟೆಯಿಂದ ಎದ್ದ ನಗು. ತಟ್ಟಿ ಹಿಡಿದುಕೊಂಡು ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಕಾಡುಹರಳು! ಎಂಥಾ ಹೆಂಗಸು! ಎಷ್ಟು ವರ್ಷ ಸುಮ್ಮನೆ ಸಹಿಸಿಕೊಂಡಳು! ಕ್ವಿರೊ ಇನ್ನೊಂದು ಮೀನು ಕಿತ್ತುಕೊಂಡ, ಹಂದಿಯ ಚರ್ಮ ಅವನ ನಾಲಿಗೆಗೆ ಆಗಲೇ ತಾಗಿತ್ತು. ಸೆಂದಾ ಕೈಯ ಉಪ್ಪನ್ನು ಲಂಗಕ್ಕೆ ಒರೆಸಿಕೊಂಡು ನೇರ ರಸ್ತೆಗೆ ಇಳಿದಳು.

ಊಟದಂಗಡಿಯಲ್ಲಿ ಮಧ್ಯಾಹ್ನದ ಗಲಾಟೆ ಮುಗಿದಿತ್ತು. ಫೆಲಿಸಾ ಪಾತ್ರೆ ತೊಳೆಯುತ್ತಿದ್ದಳು. ತಲೆಯೆತ್ತಿದರೆ ಬಾಗಿಲಲ್ಲಿ ಸೆಂದಾ. ರೂಢಿಯ ಮಾತು ತಾನಾಗಿ ಬಾಯಿಗೆ ಬಂತು: "ಮಾರೇ, ಬಾ ಉ..." ಅಲ್ಲಿಗೇ ನಿಂತಿತು.

"ಮಾರೇ," ಎಂದಳು ಸೆಂದಾ. ಆ ಮಾತು ತುಕ್ಕು ಹಿಡಿದ ಚಿಲಕದ ಹಾಗೆ ಕಿರ್ರೆಂದು ಹೊರಬಂತು. "ನೀನು ಆ ಆಳುಗಳ ಸಾರಿಗೆ ಕಾಡುಹರಳು ಹಾಕಿದ್ದೆಯಂತೆ. ಯಾಕೇ ಹೇಳಲಿಲ್ಲ ನಂಗೆ?"

ಫೆಲಿಸಾಳ ಮುಖ ಮೊದಲು ಬಿಳುಪಾಯಿತು, ಆಮೇಲೆ ಕೆಂಪಾಯಿತು.

"ಯಾವ ಬೇವರ್ಸಿ ಹೇಳಿದ್ದು?"

"ಕ್ವಿರೊ."

"ಆ ಮುದುಕನ ಬಾಯಿಗೆ ಮರಳು ಹಾಕ! ನನ್ನ ಸಾರಿಗೆ ವಿಷ ಹಾಕ್ತೀನಾ ನಾನು? ಅನ್ನ ಬೇಯಿಸಿ ಬದುಕೋಳು ನಾನು ಸೆಂದಾ. ಸೈತಾನ ಬಂದು ಕೂತ್ರೂ ಒಳ್ಳೇ ಅನ್ನವೇ ಹಾಕೋದು. ಚೆನ್ನಾಗಿ ಬೇಯಿಸಿ ಬಡಿಸಿದೆ. ಎರಡೆರಡು ಸಲ ಹಾಕಿಸ್ಕೊಂಡು ತಿಂದ್ರು. ದುಡ್ಡೂ ತಗೊಂಡೆ. ಅವರು ಪೊದೆಗೆ ಓಡಿದ್ದು ಹಾಳು ಬಾವಿ ನೀರು ಕುಡಿದು!"

ಸೆಂದಾಳ ಮುಖ ಇಳಿದುಹೋಯಿತು. ತಿರುಗಿ ಹೊರಡುವುದರಲ್ಲಿದ್ದಳು. ಕಾಲು ಮಾತ್ರ ಏಳಲಿಲ್ಲ. ಫೆಲಿಸಾ ಒಂದು ಹೂಂ ಅಂದಿದ್ದರೆ ಮುಗಿದುಹೋಗುತ್ತಿತ್ತು. ಊರು ಹಬ್ಬ ಮಾಡುತ್ತಿತ್ತು, ಕೇಡು ಅಳಿಸಿಹೋಗುತ್ತಿತ್ತು. ಇವಳು ಅನ್ನಲಿಲ್ಲ. ಸಾರಿನ ಮರ್ಯಾದೆಗೋಸ್ಕರ ಅನ್ನಲಿಲ್ಲ. ಇಂಥ ಹಠ ತನ್ನದೊಬ್ಬಳದೇ ಎಂದುಕೊಂಡಿದ್ದಳು ಸೆಂದಾ.

"ಸುಳ್ಳಾದ್ರೂ ಹೇಳಬಾರದಿತ್ತಾ?" ಎಂದಳು.

"ನೀನು ಪ್ರಾರ್ಥನೇಲಿ ಹೇಳ್ತೀಯಾ?"

ಫೆಲಿಸಾ ಕೈ ಒರೆಸಿಕೊಂಡು ಬೆಂಚಿನ ಮೇಲೆ ಕೂತಳು.

"ದಿನದ ಅನ್ನ ಕೊಡು 'ನಮಗೆ' ಅಂತೀವಲ್ಲ ಮಾರೇ. ಆ ಆಳುಗಳೇನು ಹೋಟೆಲಿನವರ ಮಕ್ಕಳಾ? ಆಚೆ ದ್ವೀಪದ ಬೆಸ್ತರ ಹುಡುಗರು. ಆ 'ನಮಗೆ'ಯೊಳಗೆ ಅವರಿಲ್ಲ ಅಂತ ಯಾರು ಬರೆದಿದಾರೆ? ನಾನು ಯಾವ ಸಾಲಿಗೂ ಕೆಮ್ಮಿಲ್ಲ, ನೋಡ್ಕೋ."

"ನಮಗೆ ಹೊಟ್ಟೆ ಇರಲಿಲ್ವಾ? ಬಿಸಿಲಲ್ಲಿ ಕೂತಿದ್ವಿ."

"ನಿನಗೂ ಕಳಿಸಿದ್ದೆ. ಲಾಕಪ್ಪಿಗೆ. ಬಾಳೆಲೆ ಕಟ್ಟಿ ಮಗನ ಕೈಲಿ. ನಿನ್ನ ಜ್ಞಾನಸ್ನಾನದ ಮಗನ ಕೈಲಿ. ತಿಂದ್ಯಾ?"

"ಇಲ್ಲ."

"ಏನು ಮಾಡ್ದೆ?"

ಸೆಂದಾ ಕಡಲ ಕಡೆ ನೋಡಿದಳು. "ಪಹರೆ ಇದ್ದ ಪೊಲೀಸನಿಗೆ ಕೊಟ್ಟೆ. ಪಾಪ, ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ ಅವನು."

ಫೆಲಿಸಾ ಅವಳನ್ನೇ ನೋಡಿದಳು. ಅವಳ ಗಲ್ಲ ಅದುರತೊಡಗಿತು. "ಅಂದ್ರೆ... ನೀನೂ ಪೊಲೀಸನಿಗೆ ಅನ್ನ ಹಾಕ್ದೆ. ಅದೂ ನನ್ನ ಅನ್ನ. ಬಿಟ್ಟಿ! ನಾನಾದ್ರೂ ದುಡ್ಡು ತಗೊಂಡಿದ್ದೆ ಕಣೇ!"

ಹಾಳು ನಗು ಇಬ್ಬರಿಗೂ ಒಟ್ಟಿಗೇ ಬಂತು. ಬೆಂಚು ಅಲ್ಲಾಡಿತು. ಫೆಲಿಸಾ ಮಾತ್ರ ಬೇಗ ನಿಲ್ಲಿಸಿದಳು. ಸೌಟನ್ನು ತೊಡೆಯ ಮೇಲಿಟ್ಟುಕೊಂಡು ಅದನ್ನೇ ನೋಡುತ್ತ ಹೇಳಿದಳು:

"ಅನ್ನ ಹಾಕಿದ್ದು ತಪ್ಪಲ್ಲ. ಆದ್ರೆ ಬೇರೆ ಒಂದು ತಪ್ಪು ಇದೆ. ನಾನು ಒಂದು ದಿನಾನೂ ಮರಳಿಗೆ ಬಂದು ನಿನ್ನ ಪಕ್ಕ ಕೂರಲಿಲ್ಲ. ಕೋವಿ ನೋಡಿ ಭಯ ಆಯ್ತು. ಅನ್ನ ಬೇಯಿಸೋದು ಒಂದು ನೆಪ ಸಿಕ್ತು. ಅದನ್ನ ನೀನು ಕೇಳ್ತೀಯ, ಹೇಳೋಣ ಅಂತಿದ್ದೆ. ನೀನು ಕೇಳಲಿಲ್ಲ, ಕೆಮ್ಮಿದೆ."

ಸೆಂದಾಗೆ ಆಗ ತಿಳಿಯಿತು. ಸಾರಿನ ಘಮ ಅವಳಿಗೆ ಯಾವತ್ತೂ ಅಷ್ಟು ಚುಚ್ಚಿದ್ದಲ್ಲ. ಚುಚ್ಚಿದ್ದು ಪಕ್ಕದಲ್ಲಿ ಖಾಲಿ ಬಿದ್ದಿದ್ದ ಒಂದು ಮಾರು ಮರಳು. ಯಂತ್ರ ಗುಡುಗುತ್ತ ಹತ್ತಿರ ಬಂದಾಗ ಹಿಡಿಯಲು ಕೈ ಚಾಚಿದ್ದಳು, ಅಲ್ಲಿ ಕೈ ಇರಲಿಲ್ಲ. ಕೇಡು ಅಂದರೆ ಅದು. ಅದು ಸುಳ್ಳಾಗಲಿಲ್ಲ, ಕರಗಿಹೋಗಲೂ ಇಲ್ಲ. ಎದುರಿಗೆ ಬೆಂಚಿನ ಮೇಲೆ ದಪ್ಪಗೆ ಕೂತು ಒಪ್ಪಿಕೊಳ್ಳುತ್ತಿತ್ತು.

ಮನ್ನಿಸಿದೆ ಅನ್ನುವ ಮಾತು ಅವಳ ಬಾಯಿಗೆ ಬರಲಿಲ್ಲ. ಬಾಯಿಯ ಕೆಲಸ ಅಲ್ಲ ಅದು. ಎಲ್ಲ ಪ್ರಾರ್ಥನೆಗೂ ಮಾರನೆಯ ಬೆಳಿಗ್ಗೆ ಸೊಂಟ ಕಟ್ಟಿದವಳು, ಈ ಒಂದಕ್ಕೆ ಬಾಯಿ ತೆರೆಯುವ ಮೊದಲೇ ಸೊಂಟ ಕಟ್ಟಬೇಕಾಗಿತ್ತು. ಇನ್ನೊಂದು ಬೆಂಚನ್ನು ಎಳೆದುಕೊಂಡು ಮೇಜಿಗೆ ಕೂತಳು.

"ಏನಿದೆ?"

"ಏನಿದೆ ಅಂದ್ರೆ?"

"ದಿನಾ ಕರೀತೀಯಲ್ಲ, ಬಾ ಉಣ್ಣೋಣ ಅಂತ. ಬಂದಿದೀನಿ. ಹಾಕು."

ಫೆಲಿಸಾ ಎದ್ದ ರಭಸಕ್ಕೆ ತೊಳೆದಿಟ್ಟ ಪಾತ್ರೆಗಳು ಉರುಳಿದವು. ತಳದಲ್ಲಿ ಉಳಿದಿದ್ದ ಸಾರು, ತೊಗರಿಕಾಳು, ಹಲಸು, ಒಂದೇ ಒಂದು ಮಾಂಸದ ತುಂಡು. ತಟ್ಟೆಯ ತುಂಬ ಅನ್ನ ಬಡಿಸಿದಳು. ಸೆಂದಾ ಕೈಯಲ್ಲಿ ಕಲಸಿ ಮೊದಲ ತುತ್ತು ಬಾಯಿಗಿಟ್ಟಳು. ಅಗಿದಳು. ನುಂಗಿದಳು. ಕೆಮ್ಮು ಬರಲಿಲ್ಲ.

"ಉಪ್ಪು ಜಾಸ್ತ್ಯಾಗಿದೆ."

"ಹನ್ನೊಂದು ವರ್ಷ ಒಲೆ ಮೇಲಿಟ್ಟು ಕಾದ್ರೆ ಯಾವ ಸಾರಾದ್ರೂ ಬತ್ತುತ್ತೆ. ಮಾತಾಡದೆ ಉಣ್ಣು."

ಉಂಡಳು. ಎರಡನೆಯ ಸಲವೂ ಹಾಕಿಸಿಕೊಂಡಳು. ತಟ್ಟೆ ತೊಳೆಯಲು ಹೋದಾಗ ಫೆಲಿಸಾ ಕೈಯಿಂದ ಕಿತ್ತುಕೊಂಡಳು, ಸೆಂದಾ ಮತ್ತೆ ಕಿತ್ತುಕೊಂಡಳು. ಹಳೆಯ ಮೀನಿನ ತಲೆಯ ಜಗಳದ ಹಾಗೆಯೇ ಆಯಿತು. ಬಾಗಿಲ ಹೊರಗೆ ನಿಂತು ಇಣುಕುತ್ತಿದ್ದ ಕ್ರಿಸ್ಲಿನ್ ಆಗಲೇ ಊರೆಲ್ಲ ಸುದ್ದಿ ಮುಟ್ಟಿಸಲು ಓಡಿದ್ದಳು.

ಅಂದು ಸಂಜೆ ಇಗರ್ಜಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಸೆಂದಾ ಮೊಣಕಾಲೂರಿದಳು. ಪಕ್ಕದಲ್ಲಿ, ಅಂಗಡಿ ಬೇಗ ಮುಚ್ಚಿ ಬಂದ ಫೆಲಿಸಾ. 'ನಮ್ಮ ತಪ್ಪುಗಳನ್ನು ಮನ್ನಿಸು' ಎಂದಾಗ ಇಡೀ ಊರು ಉಸಿರು ಹಿಡಿಯಿತು. 'ನಮಗೆ ಕೇಡು ಮಾಡಿದವರನ್ನು ನಾವು ಮನ್ನಿಸುವ ಹಾಗೆ' ಎಂದಳು ಸೆಂದಾ, ಅಲೆಯನ್ನು ಮೀರಿಸುವ ಆ ಗಂಟಲಲ್ಲಿ. ಒಂದು ಗಳಿಗೆ ನಿಂತು ಮಕ್ಕಳ ಕಡೆ ತಿರುಗಿ, "ಕೆಮ್ಮು ಹೋಯ್ತು ಮಕ್ಕಳಾ. ಇನ್ನು ಮೇಲೆ ಹಿಂಗೇ," ಎಂದಳು. ಸೆಂದಜ್ಜಿಯೇ ಹೇಳಿದ ಮೇಲೆ ಮುಗಿಯಿತು. ಮಕ್ಕಳು ಒಂದೇ ಸಲಕ್ಕೆ ಕಲಿತವು.

ಶನಿವಾರ ಪಾದ್ರಿ ಬಂದು ಒಪ್ಪಿಸಿಕೊಂಡರು, ಒಬ್ಬರೂ ಕೆಮ್ಮಲಿಲ್ಲ. ಅದೇ ದಿನ ಕ್ವಿರೊ ಪಾಪನಿವೇದನೆಗೆ ಹೋಗಿ ಕಾಡುಹರಳಿನ ಸುಳ್ಳನ್ನು ಒಪ್ಪಿಕೊಂಡ. ಪ್ರಾಯಶ್ಚಿತ್ತವೇನು ಸಿಕ್ಕಿತೋ ಅವನು ಹೇಳಲಿಲ್ಲ. ಮಾರನೆಯ ದಿನ ಗರಿಗರಿ ಚರ್ಮದ ತಟ್ಟೆ ಮುಂದೆ ಬಂದಾಗ ಕಣ್ಣು ಮುಚ್ಚಿ ಪಕ್ಕದವನಿಗೆ ದಾಟಿಸಿದ್ದನ್ನು ನೋಡಿ ಎಲ್ಲರಿಗೂ ತಿಳಿಯಿತು.

ಭಾನುವಾರದ ಪೂಜೆಯಲ್ಲಿ ಬಿಳಿ ಅಂಗಿಯ ಮಕ್ಕಳು ಮುಂದಿನ ಸಾಲಲ್ಲಿ ಪ್ರಾರ್ಥನೆಯನ್ನು ಪೂರ್ತಿಯಾಗಿ, ಕಂಚಿನ ಗಂಟೆಯ ಹಾಗೆ ಹೇಳಿದವು. ಆದರೆ ಆ ಜಾಗಕ್ಕೆ ಬಂದಾಗ ಹಿಂದಿನ ಗೋಡೆಗೆ ಒರಗಿ ನಿಂತಿದ್ದ ಗಂಡಸರ ದಂಡು, ಶುಕ್ರವಾರ ಸಂಜೆ ಕಡಲಲ್ಲಿದ್ದು ಸುದ್ದಿಯನ್ನಷ್ಟೇ ಕೇಳಿದ ಬೆಸ್ತರೆಲ್ಲ, ರೂಢಿಯಂತೆ ಒಟ್ಟಾಗಿ 'ಖ್ಹುಂ, ಖ್ಹುಂ' ಎಂದರು. ಕಿಟಕಿಯ ಪಾರಿವಾಳಗಳು ಹಾರಿದವು. ಪಾದ್ರಿ ಕಣ್ಣು ಮುಚ್ಚಿ, ತುಟಿ ಕಚ್ಚಿ, ನಗು ನುಂಗಿದರು. ಗಂಡಸರಿಗೆ ಕಲಿಸುವುದಕ್ಕೆ ಇನ್ನೂ ಕೆಲವು ಭಾನುವಾರಗಳು ಬೇಕಾದವು.

ಸೆಂದಾಗೂ ಒಂದು ತೊಂದರೆ ಗಂಟುಬಿದ್ದಿದೆ. ಸಂಜೆ ಅಂಗಡಿ ಮುಂದೆ ಹೋಗುವಾಗ ಫೆಲಿಸಾ ಕೂಗುತ್ತಾಳೆ: "ಮಾರೇ, ಬಾ ಉಣ್ಣೋಣ!" ಈಗ ಮುಖ ತಿರುಗಿಸುವ ಹಾಗಿಲ್ಲ, ಉತ್ತರ ಕೊಡಲೇಬೇಕು. 'ಈಗ ತಾನೇ ಆಯ್ತು' ಎಂದು ಊರೆಲ್ಲ ಹೇಳುವ ಮರ್ಯಾದೆಯ ಮಾತನ್ನು ಹೇಳೋಣವೆಂದರೆ, ಆಗಿರುವುದಿಲ್ಲ. ಆಗದಿದ್ದುದನ್ನು ಆಯ್ತು ಅನ್ನುವುದು ಅವಳಿಗೆ ಬಾರದು. ನಿಂತು ಯೋಚಿಸುತ್ತಾಳೆ, ಒಳಗೆ ಹೋಗುತ್ತಾಳೆ, ಉಣ್ಣುತ್ತಾಳೆ. ಸಂಜೆಯ ಜಪ ಈಗ ದಿನಾ ಸ್ವಲ್ಪ ತಡವಾಗಿ ಶುರುವಾಗುತ್ತದೆ. ಕಳೆದ ವರ್ಷದ ಲಂಗಗಳು ಒಂದೂ ಸೊಂಟಕ್ಕೆ ಹಿಡಿಯುತ್ತಿಲ್ಲ.